ಹೆಣ್ಣುಮಕ್ಕಳ ವಿಶ್ವಕಪ್ಪು ಮತ್ತು ನಮ್ಮ ಮನೆಯ ಸಂಜೆಯ ದೀಪ



ಈ ಅಂಕಣದಲ್ಲಿ ಕ್ರಿಕೆಟ್ಟಿನ ಮಾತು ಬಂದುದನ್ನು ಕಂಡು ಹುಬ್ಬೇರಿಸುವ ಹಿರಿಯರು ನಮ್ಮ ಓದುಗ ಬಳಗದಲ್ಲಿ ಇದ್ದಾರೆಂಬುದು ನಮಗೆ ಗೊತ್ತು. ಲಿಂಗಪೂಜೆ, ದಾಸೋಹ, ಮಕ್ಕಳ ಮದುವೆ, ಮಠದ ಜಾತ್ರೆ ಇವುಗಳ ನಡುವೆ ದಾಂಡು ಚೆಂಡಿನ ಆಟಕ್ಕೇನು ಕೆಲಸವೆಂದು ಅವರು ಕೇಳಿದರೆ ಅದರಲ್ಲಿ ತಪ್ಪಿಲ್ಲ. ಆದರೆ 2025ರ ಸೆಪ್ಟೆಂಬರ್ 30ರಿಂದ ನವೆಂಬರ್ 2ರ ವರೆಗೆ ಭಾರತ ಮತ್ತು ಶ್ರೀಲಂಕಾಗಳಲ್ಲಿ ನಡೆದ ಮಹಿಳೆಯರ ಏಕದಿನ ವಿಶ್ವಕಪ್ ಪಂದ್ಯಾವಳಿಯನ್ನು ನಾವು ದಕ್ಷಿಣ ಕನ್ನಡದ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ನಮ್ಮವರ ಮನೆಗಳಲ್ಲಿ ಕುಳಿತು ನೋಡಿದೆವು. ಎಂಟು ತಂಡಗಳು, 31 ಪಂದ್ಯಗಳು, 34 ದಿನಗಳು. ಅಷ್ಟು ದಿನಗಳಲ್ಲಿ ಆಟಕ್ಕಿಂತ ಹೆಚ್ಚಾಗಿ ಆಟ ನೋಡುವ ಮನೆಗಳು ನಮ್ಮ ಕಣ್ಣಿಗೆ ಬಿದ್ದುವು. ನಮ್ಮ ಮನೆಯೂ ಅದರಲ್ಲಿ ಒಂದು. ಆ ಕಾರಣದಿಂದ ಈ ಬರಹ.

ನಮ್ಮ ಮಗಳು ಅಳಿಯನ ಉದ್ಯೋಗದ ನಿಮಿತ್ತ ಬಂಟ್ವಾಳದ ಬಿ.ಸಿ. ರೋಡಿನಲ್ಲಿ ಸಂಸಾರ ಹೂಡಿದ್ದಾಳೆ. ಬೆಳ್ತಂಗಡಿಯಲ್ಲಿ ನಮ್ಮ ತಮ್ಮನ ಮನೆ. ಮೂಡುಬಿದಿರೆಯಲ್ಲಿ ಬಂಧುಗಳ ಮಗಳೊಬ್ಬಳು ವಿದ್ಯಾರ್ಥಿನಿಲಯದಲ್ಲಿದ್ದುಕೊಂಡು ಓದುತ್ತಿದ್ದಾಳೆ. ದಸರೆಗೆಂದು ಹೋದವರು ಕಾರ್ತಿಕದವರೆಗೆ ಅಲ್ಲೇ ನಿಂತೆವು. ಬಂಟ್ವಾಳದಿಂದ ಪುಂಜಾಲಕಟ್ಟೆಯ ಮೇಲೆ ಬೆಳ್ತಂಗಡಿ, ಅಲ್ಲಿಂದ ವೇಣೂರಿನ ಮೇಲೆ ಮೂಡುಬಿದಿರೆ, ಮತ್ತೆ ಸಿದ್ದಕಟ್ಟೆಯ ಮೇಲೆ ಮರಳಿ ಬಂಟ್ವಾಳ: ಈ ಮುಕ್ಕೋಣದ ಹಾದಿಯಲ್ಲಿ ನಾವು ಎಷ್ಟು ಸಲ ಬಸ್ಸು ಹತ್ತಿದೆವೋ ಲೆಕ್ಕವಿಲ್ಲ. ಈ ಸೀಮೆಯಲ್ಲಿ ನಮ್ಮ ಸಮಾಜದ ಮನೆಗಳು ವಿರಳ. ಕೆಳದಿಯ ಅರಸರ ಆಳಿಕೆ ತುಳುನಾಡಿನ ಮೇಲಿದ್ದ ಕಾಲದ ನೆನಪುಗಳು ಅಲ್ಲಲ್ಲಿ ಉಳಿದಿದ್ದರೂ, ಇಂದು ಕಾಣಸಿಗುವವರು ಹೆಚ್ಚಾಗಿ ಶಾಲೆ, ಬ್ಯಾಂಕು, ಸರಕಾರಿ ಕಚೇರಿಗಳ ನೌಕರಿಯಿಂದ ಘಟ್ಟ ಇಳಿದು ಬಂದವರು. ಊರು ಬಿಟ್ಟು ಬಂದ ಕುಟುಂಬದಲ್ಲಿ ಸಂಜೆಯ ಹೊತ್ತು ಕೂಡಿ ಕೂರುವುದಕ್ಕೆ ಟೆಲಿವಿಷನ್ನಿನ ಮುಂದಿನ ಚಾಪೆಯೇ ಅಂಗಳ.

ಮೊದಲ ಪಂದ್ಯ ಗುವಾಹಟಿಯಲ್ಲಿ. ಅದು ಬೆಂಗಳೂರಿನಲ್ಲಿ ನಡೆಯಬೇಕಾಗಿತ್ತು. ಮೊದಲು ಪ್ರಕಟವಾದ ವೇಳಾಪಟ್ಟಿಯಂತೆ ಉದ್ಘಾಟನೆಯ ಪಂದ್ಯವೂ ಒಂದು ಸೆಮಿಫೈನಲ್ ಪಂದ್ಯವೂ ಚಿನ್ನಸ್ವಾಮಿ ಕ್ರೀಡಾಂಗಣಕ್ಕೆ ಗೊತ್ತಾಗಿದ್ದುವು. ಪಾಕಿಸ್ತಾನ ತಂಡ ಫೈನಲಿಗೆ ಬಾರದಿದ್ದರೆ ಫೈನಲ್ಲೂ ಅಲ್ಲಿಯೇ. ಆದರೆ 2025ರ ಜೂನ್ 4ರಂದು ಪುರುಷರ ಐ.ಪಿ.ಎಲ್. ವಿಜಯೋತ್ಸವದ ದಿನ ಆ ಕ್ರೀಡಾಂಗಣದ ಹೊರಗೆ ನಡೆದ ಕಾಲ್ತುಳಿತದಲ್ಲಿ 11 ಜನ ಪ್ರಾಣ ಕಳೆದುಕೊಂಡರು. ಅದರ ಬಳಿಕ ಪಂದ್ಯಗಳೆಲ್ಲ ನವಿ ಮುಂಬಯಿ, ಗುವಾಹಟಿಗಳ ಪಾಲಾದುವು. ಕರ್ನಾಟಕಕ್ಕೆ ಒಂದು ಪಂದ್ಯವೂ ದಕ್ಕಲಿಲ್ಲ. ತಂಡದಲ್ಲಿ ಕರ್ನಾಟಕದ ಒಬ್ಬ ಆಟಗಾರ್ತಿಯೂ ಇರಲಿಲ್ಲ. ಜೀವಹಾನಿಯ ಮುಂದೆ ಪಂದ್ಯ ತಪ್ಪಿದ್ದು ದೊಡ್ಡ ನಷ್ಟವೇನಲ್ಲ ಎಂಬುದು ಸರಿ. ಆದರೂ ಗಂಡಸರ ಗೆಲುವಿನ ಗದ್ದಲದ ದಂಡವನ್ನು ಹೆಣ್ಣುಮಕ್ಕಳ ಆಟ ತೆರಬೇಕಾಯಿತಲ್ಲ ಎಂದು ನಮ್ಮ ಮಗಳು ಅಂದದ್ದನ್ನು ನಾವು ಅಲ್ಲಗಳೆಯಲಾರದೆ ಹೋದೆವು.

ಬೆಂಗಳೂರಿಗೂ ಹೆಣ್ಣುಮಕ್ಕಳ ಕ್ರಿಕೆಟ್ಟಿಗೂ ಇರುವ ನಂಟು ಇಂದಿನದಲ್ಲ. ಭಾರತದ ಮಹಿಳಾ ತಂಡ ಆಡಿದ ಮೊಟ್ಟಮೊದಲ ಟೆಸ್ಟ್ ಪಂದ್ಯ 1976ರ ಅಕ್ಟೋಬರ್ 31ರಂದು ಬೆಂಗಳೂರಿನಲ್ಲಿ ಆರಂಭವಾಯಿತು. ಎದುರಾಳಿ ವೆಸ್ಟ್ ಇಂಡೀಸ್. ಭಾರತದ ನಾಯಕಿ ಕರ್ನಾಟಕದ ಶಾಂತಾ ರಂಗಸ್ವಾಮಿ. ಅದೇ ವರ್ಷ ಅವರಿಗೆ ಅರ್ಜುನ ಪ್ರಶಸ್ತಿ ಬಂದಿತು. ಆ ಪ್ರಶಸ್ತಿ ಪಡೆದ ಮೊದಲ ಮಹಿಳಾ ಕ್ರಿಕೆಟ್ ಆಟಗಾರ್ತಿ ಅವರೇ. ಮರುವರ್ಷ ನ್ಯೂಜಿಲೆಂಡಿನ ಡುನೆಡಿನ್ನಿನಲ್ಲಿ 108 ರನ್ನು ಹೊಡೆದು ಟೆಸ್ಟ್ ಶತಕ ಬಾರಿಸಿದ ಮೊದಲ ಭಾರತೀಯಳೂ ಆದರು. ಆ ಕಾಲದಲ್ಲಿ ಈ ಹೆಣ್ಣುಮಕ್ಕಳು ಸೀಟು ಕಾದಿರಿಸದ ರೈಲು ಡಬ್ಬಿಗಳಲ್ಲಿ ಹೋಗಿ, ಹಾಸಿಗೆಯನ್ನು ತಾವೇ ಹೊತ್ತು, ಸಿಕ್ಕ ಕಡೆ ನೆಲದ ಮೇಲೆ ಮಲಗಿ ಆಡಿ ಬಂದವರು. ಶಾಂತಾ ಅವರಿಗೆ ಅನ್ನ ಕೊಟ್ಟದ್ದು ಕ್ರಿಕೆಟ್ಟಲ್ಲ, ಕೆನರಾ ಬ್ಯಾಂಕಿನ ನೌಕರಿ. ಅಲ್ಲಿ ಅವರು ಜನರಲ್ ಮ್ಯಾನೇಜರ್ ಹುದ್ದೆಯವರೆಗೆ ಏರಿದರು. ಆ ಬ್ಯಾಂಕನ್ನು 1906ರಲ್ಲಿ ಮಂಗಳೂರಿನಲ್ಲಿ ಕಟ್ಟಿದವರು ಅಮ್ಮೆಂಬಳ ಸುಬ್ಬರಾವ್ ಪೈಗಳು. ಅವರ ಹೆಸರಿನ ಮುಂದಿರುವ ಅಮ್ಮೆಂಬಳ ಈ ಬಂಟ್ವಾಳ ತಾಲ್ಲೂಕಿನದೇ ಊರು. ಹೆಣ್ಣುಮಕ್ಕಳ ಶಿಕ್ಷಣಕ್ಕಾಗಿ ಮಂಗಳೂರಿನಲ್ಲಿ ಶಾಲೆ ತೆರೆದವರೂ ಆ ಪೈಗಳೇ ಎಂಬುದನ್ನು ಇಲ್ಲಿ ಸೇರಿಸಿ ಹೇಳಬೇಕು.

ಇನ್ನೊಂದು ಮಾತು ನಮ್ಮ ಗಂಡುಹುಡುಗರಿಗೆ ತಿಳಿದಿರಲಿ. ವಿಶ್ವಕಪ್ ಎಂಬ ಕಲ್ಪನೆಯನ್ನು ಕ್ರಿಕೆಟ್ಟಿಗೆ ಮೊದಲು ತಂದವರು ಹೆಣ್ಣುಮಕ್ಕಳು. ಪುರುಷರ ಮೊದಲ ವಿಶ್ವಕಪ್ ನಡೆದದ್ದು 1975ರಲ್ಲಿ. ಮಹಿಳೆಯರದು 1973ರಲ್ಲೇ ಇಂಗ್ಲೆಂಡಿನಲ್ಲಿ ಮುಗಿದುಹೋಗಿತ್ತು. ಆಗ ಭಾರತ ಅದರಲ್ಲಿ ಇರಲಿಲ್ಲ. 1978ರಲ್ಲಿ ನಮ್ಮ ನೆಲದಲ್ಲೇ ನಡೆದಾಗ ನಾಲ್ಕೇ ತಂಡಗಳು, ನಮ್ಮವರು ಆಡಿದ ಮೂರೂ ಪಂದ್ಯಗಳನ್ನು ಸೋತರು. ಅಲ್ಲಿಂದ 47 ವರ್ಷ.

ಮತ್ತೆ ನಮ್ಮ ಮನೆಗಳಿಗೆ ಬರೋಣ. ಪಂದ್ಯಾವಳಿಯ ಮೊದಲ ದಿನ ದುರ್ಗಾಷ್ಟಮಿ. ಬೆಳ್ತಂಗಡಿಯ ನಮ್ಮ ತಮ್ಮನ ಹೆಂಡತಿ ಪ್ರಾಥಮಿಕ ಶಾಲೆಯ ಶಿಕ್ಷಕಿ. ಸೆಪ್ಟೆಂಬರ್ 22ರಿಂದ ಆರಂಭವಾದ ರಾಜ್ಯ ಹಿಂದುಳಿದ ವರ್ಗಗಳ ಆಯೋಗದ ಸಮೀಕ್ಷೆಗೆ ಶಿಕ್ಷಕರನ್ನೇ ನೇಮಿಸಿದ್ದರಿಂದ, ಮಕ್ಕಳಿಗೆ ರಜೆಯಾದರೂ ಅವಳಿಗೆ ಬಿಡುವಿರಲಿಲ್ಲ. ತೋಟಗಳ ನಡುವೆ ಒಂದು ಗುಡ್ಡಕ್ಕೆ ಒಂದು ಮನೆ ಎಂಬಂತಿರುವ ಆ ತಾಲ್ಲೂಕಿನಲ್ಲಿ ಹತ್ತಿಳಿದು, ಮೊಬೈಲಿಗೆ ಸಂಪರ್ಕ ಸಿಗದೆ ಅಲೆದು, ಜಿಗಣೆ ಕಚ್ಚಿಸಿಕೊಂಡು ಸಂಜೆ ಮನೆಗೆ ಬಂದವಳು ಕೈಕಾಲು ತೊಳೆದು ಮೊದಲು ಕೇಳುತ್ತಿದ್ದ ಪ್ರಶ್ನೆ, 'ಎಷ್ಟಾಯಿತು, ಎಷ್ಟು ಹೋದುವು?' ಎಂಬುದೇ. ಆಟದ ಮೇಲೆ ಅವಳಿಗೆ ಇಂಥ ಪ್ರೀತಿ ಇದೆಯೆಂಬುದು, ಮದುವೆಯಾಗಿ ಹದಿನೆಂಟು ವರ್ಷವಾದರೂ, ನಮ್ಮ ತಮ್ಮನಿಗೆ ತಿಳಿದಿರಲಿಲ್ಲ. ತಿಳಿಯುವ ಪ್ರಮೇಯವೇ ಬಂದಿರಲಿಲ್ಲ. ಪುರುಷರ ಪಂದ್ಯ ನಡೆಯುವಾಗ ಅವಳು ಒಳಗೆ ಚಹಾ ಸೋಸುತ್ತಿರುತ್ತಿದ್ದಳಲ್ಲ!

ನಮ್ಮ ತಂಡ ಮೊದಲೆರಡು ಪಂದ್ಯ ಗೆದ್ದು, ಆಮೇಲೆ ಒಂದರ ಹಿಂದೆ ಒಂದರಂತೆ ಮೂರನ್ನು ಸೋತಿತು. ವಿಶಾಖಪಟ್ಟಣದಲ್ಲಿ ದಕ್ಷಿಣ ಆಫ್ರಿಕಕ್ಕೆ, ಅಲ್ಲಿಯೇ ಆಸ್ಟ್ರೇಲಿಯಕ್ಕೆ, ಇಂದೂರಿನಲ್ಲಿ ಇಂಗ್ಲೆಂಡಿಗೆ. ಆಸ್ಟ್ರೇಲಿಯದ ಎದುರು 330 ರನ್ನು ಹೊಡೆದೂ ಸೋತದ್ದು ಒಂದು ಪೆಟ್ಟಾದರೆ, ಇಂಗ್ಲೆಂಡಿನ ಎದುರು ಕೈಗೆ ಬಂದ ಗೆಲುವು 4 ರನ್ನುಗಳಿಂದ ಜಾರಿದ್ದು ಇನ್ನೂ ದೊಡ್ಡ ಪೆಟ್ಟು. ಅದು ಅಕ್ಟೋಬರ್ 19, ದೀಪಾವಳಿಯ ನೀರು ತುಂಬುವ ಸಂಜೆ. ಬೆಳ್ತಂಗಡಿಯ ಮನೆಯಲ್ಲಿ ಹಂಡೆ ತಿಕ್ಕಿ, ಅದಕ್ಕೆ ಕೆಮ್ಮಣ್ಣು ಬಳಿದು, ಹಿಂಡಲೆಕಾಯಿಯ ಬಳ್ಳಿ ಸುತ್ತಿ ಎಲ್ಲರೂ ಒಳಗೆ ಬಂದು ಕುಳಿತಿದ್ದೆವು. ಕೊನೆಯ ಓವರು ಮುಗಿದೊಡನೆ ನಮ್ಮ ತಮ್ಮನ ಬಾಯಿಂದ, 'ಅದಕ್ಕೇ ಹೇಳುವುದು, ಇದು ಹೆಂಗಸರಿಗೆ ಒಗ್ಗುವ ಆಟವಲ್ಲ' ಎಂಬ ಮಾತು ಬಂದೇಬಿಟ್ಟಿತು. ನಾವೂ ತಲೆಯಾಡಿಸಿದೆವು ಎಂಬುದನ್ನು ಮುಚ್ಚಿಡುವುದಿಲ್ಲ.

ಅವನ ಹೆಂಡತಿ ಎದ್ದು ಹೋಗುತ್ತಿದ್ದವಳು ಬಾಗಿಲಲ್ಲಿ ನಿಂತು ಹೇಳಿದಳು: 'ಹೋದ ವರ್ಷ ಬೆಂಗಳೂರಿನಲ್ಲಿ ನ್ಯೂಜಿಲೆಂಡಿನ ಎದುರು 46 ರನ್ನಿಗೆ ಎಲ್ಲರೂ ಔಟಾದರು. ಆ ಸರಣಿಯ ಮೂರಕ್ಕೆ ಮೂರೂ ಟೆಸ್ಟ್ ಸೋತರು. ಅಂದು ಇದು ಗಂಡಸರಿಗೆ ಒಗ್ಗುವ ಆಟವಲ್ಲ ಎಂದು ನೀವು ಅಂದದ್ದು ನನಗೆ ಕೇಳಿಸಲಿಲ್ಲ.'

ಇದಕ್ಕೆ ಉತ್ತರವಿಲ್ಲ, ಓದುಗರೇ. ಗಂಡುಮಕ್ಕಳು ಸೋತರೆ ನಾವು ಪಿಚ್ಚನ್ನು ಬಯ್ಯುತ್ತೇವೆ, ಆಯ್ಕೆಗಾರರನ್ನು ಬಯ್ಯುತ್ತೇವೆ, ನಾಯಕನನ್ನು ಬದಲಿಸಬೇಕೆನ್ನುತ್ತೇವೆ. ಆಡುವುದನ್ನೇ ಬಿಡಲಿ ಎನ್ನುವುದಿಲ್ಲ. ಹೆಣ್ಣುಮಕ್ಕಳು ಸೋತರೆ ಆಟವೇ ಅವರದಲ್ಲವೆಂಬ ತೀರ್ಪು. ಬಸವ ಜಯಂತಿಯ ವೇದಿಕೆಗಳಲ್ಲಿ ನಾವು ಎಷ್ಟು ಸಲ ಹೇಳಿಲ್ಲ, ಹನ್ನೆರಡನೆಯ ಶತಮಾನದಲ್ಲೇ ನಮ್ಮ ಶರಣರು ಸ್ತ್ರೀಗೆ ಸಮಾನ ಸ್ಥಾನ ಕೊಟ್ಟರೆಂದು! ಮೂವತ್ತಕ್ಕೂ ಹೆಚ್ಚು ವಚನಕಾರ್ತಿಯರ ಹೆಸರನ್ನು ಉಸಿರು ಬಿಡದೆ ಒಪ್ಪಿಸುವವರು ನಮ್ಮಲ್ಲಿದ್ದಾರೆ. ಬೇಕಾದುದಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದ ಗಂಡ ಮಾರಯ್ಯನನ್ನು ಬಾಗಿಲಲ್ಲೇ ತಡೆದು ಹಿಂದಕ್ಕೆ ಕಳುಹಿಸಿದ ಆಯ್ದಕ್ಕಿ ಲಕ್ಕಮ್ಮನ ಕಥೆಯನ್ನು ನಾವೇ ಹತ್ತಾರು ಕಡೆ ಹೇಳಿ ಚಪ್ಪಾಳೆ ಗಿಟ್ಟಿಸಿದ್ದೇವೆ. ಲಕ್ಕಮ್ಮ ಬಾಗಿಲಲ್ಲಿ ನಿಂತು ಮಾತಾಡಿದ್ದು ಮಾರಯ್ಯನಿಗೆ ಹೇಗೆ ಕೇಳಿಸಿತ್ತೆಂಬುದು ನಮಗೆ ಆ ನೀರು ತುಂಬುವ ರಾತ್ರಿ ಸ್ವಲ್ಪಮಟ್ಟಿಗೆ ತಿಳಿಯಿತು.

ಅಕ್ಟೋಬರ್ 23ರಂದು ನವಿ ಮುಂಬಯಿಯಲ್ಲಿ ನ್ಯೂಜಿಲೆಂಡನ್ನು ಸೋಲಿಸಿ ತಂಡ ಸೆಮಿಫೈನಲ್ ಸೇರಿತು. ಸ್ಮೃತಿ ಮಂಧಾನ 109, ಪ್ರತಿಕಾ ರಾವಲ್ 122. ಮುಂದಿನ ಪಂದ್ಯದಲ್ಲಿ ಪ್ರತಿಕಾ ಕಾಲು ಉಳುಕಿಸಿಕೊಂಡು ಹೊರಬಿದ್ದಳು. ಆಕೆಯ ಬದಲಿಗೆ, ಮೊದಲು ತಂಡದ ಪಟ್ಟಿಯಲ್ಲೇ ಇಲ್ಲದಿದ್ದ ಶಫಾಲಿ ವರ್ಮಾಗೆ ಕರೆಹೋಯಿತು. ಈ ಹೆಸರು ಮುಂದೆ ಬರುತ್ತದೆ.

ಸೆಮಿಫೈನಲ್ ನಡೆದ 30ನೆಯ ತಾರೀಖು ನಾವು ಮೂಡುಬಿದಿರೆಯಲ್ಲಿದ್ದೆವು. ಸಾವಿರ ಕಂಬದ ಬಸದಿಯ ಊರು ಈಗ ವಿದ್ಯಾರ್ಥಿಗಳ ಊರೂ ಆಗಿದೆ. ವಿಜಯಪುರ, ಬಾಗಲಕೋಟೆ, ಕೊಪ್ಪಳ, ಕಲಬುರಗಿಗಳ ನಮ್ಮವರ ಮಕ್ಕಳು ನೂರಾರು ಸಂಖ್ಯೆಯಲ್ಲಿ ಅಲ್ಲಿ ಓದುತ್ತಾರೆ. ರೊಟ್ಟಿ ಬಿಟ್ಟು ಕುಚ್ಚಲಕ್ಕಿಯ ಅನ್ನಕ್ಕೆ ನಾಲಗೆ ಹೊಂದಿಸಿಕೊಂಡ ಮಕ್ಕಳು. ನಮ್ಮ ಬಂಧುಗಳ ಹುಡುಗಿ ಇರುವ ನಿಲಯದಲ್ಲಿ ಮೊಬೈಲು ದಿನಕ್ಕೆ ಅರ್ಧ ಗಂಟೆ ಮಾತ್ರ. ಅದು ಒಳ್ಳೆಯ ನಿಯಮವೇ. ಆದರೆ ಆಸ್ಟ್ರೇಲಿಯದ 338ನ್ನು ಬೆನ್ನಟ್ಟುವ ಆಟ ಅರ್ಧ ಗಂಟೆಯಲ್ಲಿ ಮುಗಿಯುವಂಥದಲ್ಲ. ಆ ರಾತ್ರಿ ಹುಡುಗಿಯರಿಗೆ ಸುದ್ದಿ ತಲುಪಿಸಿದವಳು ಅಡುಗೆಮನೆಯ ಕೆಲಸದಾಕೆ. ತನ್ನ ಮೊಬೈಲನ್ನು ಉಪ್ಪಿನ ಡಬ್ಬಿಗೆ ಒರಗಿಸಿಟ್ಟು, ಚಪಾತಿ ಬಡಿಸಲು ಬಂದಾಗಲೆಲ್ಲ ತುಳು ಬೆರೆತ ಕನ್ನಡದಲ್ಲಿ ಲೆಕ್ಕ ಒಪ್ಪಿಸುತ್ತಿದ್ದಳಂತೆ. ಜೆಮಿಮಾ ರಾಡ್ರಿಗಸ್‌ಳ ಮನೆತನದ ಮೂಲ ಮಂಗಳೂರಿನ ಕಡೆಯದೆಂದು ಹೆಮ್ಮೆಯಿಂದ ಹೇಳಿಕೊಳ್ಳುವ ಜನ ಇಲ್ಲಿ ಬಹಳ. ಆದ್ದರಿಂದ ಆಕೆ 'ನಮ್ಮ ಹುಡುಗಿ' ಎಂದೇ ಹೇಳುತ್ತಿದ್ದಳು. ಕೊನೆಗೆ ವಾರ್ಡನ್ ತಾಯಿ ಮನಸ್ಸು ಕರಗಿಸಿ ಊಟದ ಮನೆಯ ಟೆಲಿವಿಷನ್ ಹಾಕಿಸಿದರು. ಇಂಗ್ಲೆಂಡಿನ ಎದುರಿನ ಪಂದ್ಯಕ್ಕೆ ತಂಡದಿಂದ ಕೈಬಿಡಲ್ಪಟ್ಟಿದ್ದ ಜೆಮಿಮಾ ಔಟಾಗದೆ 127 ಹೊಡೆದಳು, ನಾಯಕಿ ಹರ್ಮನ್‌ಪ್ರೀತ್ ಕೌರ್ 89. ಇಬ್ಬರ ಜೊತೆಯಾಟ 167. ಒಂಬತ್ತು ಚೆಂಡು ಉಳಿದಿರುವಂತೆ ಭಾರತ 341 ರನ್ನು ಮುಟ್ಟಿತು. ಮಹಿಳೆಯರ ಏಕದಿನ ಪಂದ್ಯಗಳಲ್ಲಿ ಅಷ್ಟು ದೊಡ್ಡ ಮೊತ್ತವನ್ನು ಅದುವರೆಗೆ ಯಾರೂ ಬೆನ್ನಟ್ಟಿ ಗೆದ್ದಿರಲಿಲ್ಲ.

ಮರುದಿನ ಬೆಳಿಗ್ಗೆ ನಾವು ಚೌಟರ ಅರಮನೆಗೆ ಹೋದೆವು. ಅಲ್ಲಿಯ ಮರದ ಕಂಬದಲ್ಲಿ ನವನಾರಿಕುಂಜರವೆಂಬ ಕೆತ್ತನೆಯುಂಟು. ಒಂಬತ್ತು ಸ್ತ್ರೀಯರು ಒಬ್ಬರಿಗೊಬ್ಬರು ಹೆಣೆದುಕೊಂಡು ಒಂದು ಆನೆಯಾಗಿ ನಿಂತದ್ದು. ದೂರದಿಂದ ಆನೆ, ಹತ್ತಿರ ಹೋದರೆ ಹೆಂಗಸರು. ಜೊತೆಗಿದ್ದ ಹುಡುಗಿ ಎಣಿಸಿ, 'ಇನ್ನಿಬ್ಬರು ಬೇಕಿತ್ತು' ಎಂದಳು.

ಕರ್ನಾಟಕದ ಹುಡುಗಿಯರು ಈ ಸಲ ತಂಡದಲ್ಲಿರಲಿಲ್ಲ ಎಂದೆವಷ್ಟೆ; ಹಿಂದೆ ಇದ್ದರು. 2017ರಲ್ಲಿ ಇಂಗ್ಲೆಂಡಿನಲ್ಲಿ ನಡೆದ ವಿಶ್ವಕಪ್ಪನ್ನು ನೆನೆಯಿರಿ. ಜುಲೈ 15ರಂದು ಡರ್ಬಿಯಲ್ಲಿ ನ್ಯೂಜಿಲೆಂಡಿನ ಎದುರು ಗೆದ್ದರಷ್ಟೇ ಸೆಮಿಫೈನಲ್ ಎಂಬ ಪಂದ್ಯ. ಚಾರ್ಮಾಡಿ ಘಾಟಿ ಹತ್ತಿದರೆ ಸಿಗುವ ಚಿಕ್ಕಮಗಳೂರು ಜಿಲ್ಲೆಯ ಕಡೂರಿನ ವೇದಾ ಕೃಷ್ಣಮೂರ್ತಿ 45 ಚೆಂಡುಗಳಲ್ಲಿ 70 ರನ್ನು ಹೊಡೆದಳು. ಆ ಪಂದ್ಯಾವಳಿಯಲ್ಲಿ ಅಂದೇ ಮೊದಲ ಸಲ ಕಣಕ್ಕಿಳಿದ ವಿಜಯಪುರದ ರಾಜೇಶ್ವರಿ ಗಾಯಕವಾಡ ಎಡಗೈ ಸ್ಪಿನ್ನಿನಿಂದ 15 ರನ್ನಿಗೆ 5 ವಿಕೆಟ್ ಕಿತ್ತು ನ್ಯೂಜಿಲೆಂಡನ್ನು 79ಕ್ಕೆ ಮುಗಿಸಿದಳು. ಬಿಸಿಲೂರಿನ ಒಬ್ಬ ಶಾಲಾ ಶಿಕ್ಷಕರ ಮಗಳು ಆಕೆ. ತಂದೆ 2014ರಲ್ಲಿ ಹೃದಯಾಘಾತದಿಂದ ತೀರಿಕೊಂಡ ಮೇಲೆ ಮನೆಯ ಭಾರ ಹೊತ್ತವಳೂ ಆಕೆಯೇ. ವಿಶ್ವಕಪ್ ಮುಗಿಸಿ ಬಂದಾಗ ಕಾರು ಕೊಡುತ್ತೇವೆಂದವರಿಗೆ, ಕಾರು ಬೇಡ, ನಮ್ಮ ಕುಟುಂಬಕ್ಕೊಂದು ಮನೆ ಬೇಕು ಎಂದು ಆಕೆ ಹೇಳಿದ್ದು ಅಂದಿನ ಪತ್ರಿಕೆಗಳಲ್ಲಿ ಬಂದಿತ್ತು. ಆ ಸಲ ಫೈನಲಿನಲ್ಲಿ ಇಂಗ್ಲೆಂಡಿಗೆ 9 ರನ್ನುಗಳಿಂದ ಸೋತೆವು.

ಈ ಹುಡುಗಿಯರ ಬೆನ್ನಿಗೆ ಯಾರು ನಿಂತಿದ್ದರೆಂದು ನೋಡುತ್ತ ಹೋದರೆ ಕೋಟ್ಯಧೀಶರು ಕಾಣುವುದಿಲ್ಲ. ಅಮನ್‌ಜೋತ್ ಕೌರಳ ತಂದೆ ಬಡಗಿ. ಮಗಳ ಮೊದಲ ಬ್ಯಾಟನ್ನು ಅವರೇ ಕೆತ್ತಿಕೊಟ್ಟರು. ಇದಕ್ಕಿಂತ ಹಿರಿದಾದ ಕಾಯಕ ಯಾವುದು? ರೇಣುಕಾ ಸಿಂಗ್ ಮೂರು ವರ್ಷದವಳಿದ್ದಾಗ ತಂದೆ ತೀರಿಕೊಂಡರು. ತಾಯಿ ಹಿಮಾಚಲದ ನೀರಾವರಿ ಇಲಾಖೆಯಲ್ಲಿ ದುಡಿದು ಸಾಕಿದರು. ಹುಡುಗಿಯರನ್ನು ಸೇರಿಸಿಕೊಳ್ಳದ ತರಬೇತಿ ಕೇಂದ್ರಕ್ಕೆ ಶಫಾಲಿಯನ್ನು ಆಕೆಯ ತಂದೆ ಕೂದಲು ಕತ್ತರಿಸಿ ಹುಡುಗನೆಂದು ಸೇರಿಸಿದರು. ಮಂಡಳಿಯ ಹಣ ಬಂದದ್ದು ಬಹಳ ತಡವಾಗಿ. 2006ರವರೆಗೆ ಹೆಣ್ಣುಮಕ್ಕಳ ಕ್ರಿಕೆಟ್ ಭಾರತೀಯ ಕ್ರಿಕೆಟ್ ನಿಯಂತ್ರಣ ಮಂಡಳಿಯ ಒಳಗೇ ಇರಲಿಲ್ಲ. ಏಕದಿನ ಪಂದ್ಯವೊಂದಕ್ಕೆ ಪುರುಷರಿಗೆ ಕೊಡುವ 6 ಲಕ್ಷ ರೂಪಾಯಿಯನ್ನೇ ಮಹಿಳೆಯರಿಗೂ ಕೊಡಬೇಕೆಂದು ತೀರ್ಮಾನವಾದದ್ದು 2022ರಲ್ಲಿ.

ಇನ್ನು ಫೈನಲ್ ದಿನದ ಮಾತು. ನವೆಂಬರ್ 2, ಭಾನುವಾರ, ಉತ್ಥಾನ ದ್ವಾದಶಿ. ನಾವು ಬಂಟ್ವಾಳಕ್ಕೆ ಮರಳಿದ್ದೆವು. ನವಿ ಮುಂಬಯಿಯಲ್ಲಿ ಮಳೆ ಬಂದು ಆಟ ಎರಡು ಗಂಟೆ ತಡವಾಯಿತು. ಸಂಜೆ ಪಕ್ಕದ ಮನೆಯ ತುಳಸಿ ಪೂಜೆ ಮುಗಿದು, ಆ ಮನೆಯಾಕೆ ಅವಲಕ್ಕಿ, ಕಬ್ಬಿನ ತುಂಡು, ನೆಲ್ಲಿಕಾಯಿಗಳ ತಟ್ಟೆಯನ್ನು ತಂದುಕೊಟ್ಟು ತಾವೂ ಕುಳಿತರು. ಭಾರತ 7 ವಿಕೆಟ್ಟಿಗೆ 298. ಬದಲಿ ಆಟಗಾರ್ತಿಯಾಗಿ ಬಂದ ಶಫಾಲಿ 87 ಹೊಡೆದಳು, ದೀಪ್ತಿ ಶರ್ಮಾ 58. ದಕ್ಷಿಣ ಆಫ್ರಿಕದ ನಾಯಕಿ ಲಾರಾ ವೋಲ್ವಾರ್ಟ್ ಎಷ್ಟು ಸೊಗಸಾಗಿ ಆಡಿದಳೆಂದರೆ, ಎದುರಾಳಿಯೆಂಬುದನ್ನು ಮರೆತು ಮೆಚ್ಚಬೇಕು. ಶಫಾಲಿಯ ಕೈಗೆ ಚೆಂಡು ಕೊಟ್ಟದ್ದನ್ನು ಕಂಡು ನಾವು, 'ಇದೇನು ಹುಚ್ಚಾಟ' ಎಂದೆವು. ಆಕೆ ಎರಡು ವಿಕೆಟ್ ಕಿತ್ತಳು. ನಮ್ಮ ಕ್ರಿಕೆಟ್ ಜ್ಞಾನದ ಮಟ್ಟ ಅಷ್ಟು.

ಆಗ ನಮ್ಮ ಮಗಳು ತಟ್ಟೆಯಿಂದ ಒಂದು ನೆಲ್ಲಿಕಾಯಿ ತೆಗೆದುಕೊಂಡು, ತೋರುಬೆರಳನ್ನು ಅದರ ಮೇಲೆ ಬಾಗಿಸಿ, ತನ್ನ ಮಗಳಿಗೆ ಹೇಳುತ್ತಿದ್ದಳು: 'ಹೀಗೆ ಹಿಡಿಯಬೇಕು. ಬಿಡುವಾಗ ಬಾಗಿಲ ಹಿಡಿ ತಿರುಗಿಸಿದ ಹಾಗೆ.' ಹನ್ನೆರಡು ವರ್ಷದ ಮೊಮ್ಮಗಳು ಬೆರಗಾಗಿ, 'ನಿನಗೆ ಹೇಗೆ ಗೊತ್ತು?' ಎಂದು ಕೇಳಿದಳು. 'ನಾನು ಹಾಕುತ್ತಿದ್ದೆ. ಮಠದ ಬಯಲಿನಲ್ಲಿ ಹುಡುಗರ ಜೊತೆ.' 'ಮತ್ತೆ ಯಾಕೆ ಬಿಟ್ಟೆ?'

ಮಗಳು ನಮ್ಮ ಕಡೆ ನೋಡಲಿಲ್ಲ. 'ಕತ್ತಲಾಗುತ್ತಿತ್ತು' ಎಂದಳು, ಅಷ್ಟೆ.

ನಾವು ಹೇಳಬೇಕಾದುದು ಇದನ್ನೇ. 1997ರಲ್ಲಿ ಅವಳಿಗೆ ಹದಿಮೂರು ವರ್ಷ. ಊರಿನ ಮಠದ ಬಯಲಿನಲ್ಲಿ ತನ್ನ ಅಣ್ಣಂದಿರಿಗೆ ಚೆಂಡು ಹಾಕುತ್ತಿದ್ದಳು; ಅವರು ಅವಳನ್ನು ಆಟಕ್ಕೆ ಕರೆಯುತ್ತಿದ್ದುದು ತಂಗಿಯೆಂಬ ಕರುಣೆಯಿಂದಲ್ಲ, ಅವಳ ಚೆಂಡು ಆಡಲು ಬಾರದೆ ಹೋಗುತ್ತಿತ್ತೆಂದು. ನಾವು ಅವಳನ್ನು ಬಯ್ಯಲಿಲ್ಲ, ಹೊಡೆಯಲಿಲ್ಲ, ಆಡಬೇಡವೆಂದೂ ಅನ್ನಲಿಲ್ಲ. ಸಂಜೆ ದೀಪ ಹಚ್ಚುವ ಹೊತ್ತಿಗೆ ಹೆಣ್ಣುಮಗಳು ಮನೆಯಲ್ಲಿರಬೇಕು, ಲಿಂಗಪೂಜೆಗೆ ಕುಳಿತಿರಬೇಕು ಎಂದೆವು. ಶಾಲೆ ಬಿಡುವುದು ನಾಲ್ಕೂವರೆಗೆ, ಮನೆಗೆ ಬರುವುದು ಐದಕ್ಕೆ, ಡಿಸೆಂಬರಿನಲ್ಲಿ ದೀಪ ಹಚ್ಚುವುದು ಆರಕ್ಕೆ. ನಡುವಿನ ಒಂದು ಗಂಟೆಯಲ್ಲಿ ನೀರು ತರುವುದು, ಕಸ ಗುಡಿಸುವುದು, ಹೂ ಕಟ್ಟುವುದು. ಅಣ್ಣಂದಿರ ಪೂಜೆ ಎಂಟಕ್ಕಾದರೂ ನಡೆಯುತ್ತಿತ್ತು. ಶಿವನಿಗೆ ಅವರ ಹೊತ್ತು ಒಂದು, ಅವಳ ಹೊತ್ತು ಇನ್ನೊಂದು ಎಂದು ನಮಗೆ ಯಾವ ಗುರುಗಳೂ ಬೋಧಿಸಿರಲಿಲ್ಲ. ಒಂದು ತಿಂಗಳೊಳಗೆ ಅವಳು ಬಯಲಿಗೆ ಹೋಗುವುದನ್ನು ತಾನಾಗಿ ನಿಲ್ಲಿಸಿದಳು. ಬುದ್ಧಿವಂತೆ, ಹೇಳದೆಯೇ ತಿಳಿದುಕೊಂಡಳು ಎಂದು ನಾವು ಬಂಧುಗಳ ಮುಂದೆ ಹೊಗಳಿದೆವು.

ಅದೇ ಡಿಸೆಂಬರಿನಲ್ಲಿ ಹೆಣ್ಣುಮಕ್ಕಳ ವಿಶ್ವಕಪ್ ಭಾರತದಲ್ಲೇ ನಡೆಯಿತು. ಹನ್ನೊಂದು ತಂಡಗಳು ಬಂದಿದ್ದುವು. ಭಾರತ ಸೆಮಿಫೈನಲ್ ತಲುಪಿತು. ತಂಡದ ನಾಯಕಿ ನಮ್ಮ ಬೆಂಗಳೂರಿನವರೇ ಆದ ಪ್ರಮೀಳಾ ಭಟ್. ನಮ್ಮ ಮನೆಗೆ ದಿನವೂ ಪತ್ರಿಕೆ ಬರುತ್ತಿತ್ತು, ಆಟದ ಪುಟವನ್ನು ನಾವು ಮೊದಲು ಓದುತ್ತಿದ್ದೆವು, ಆದರೂ ಒಬ್ಬ ಕನ್ನಡದ ಹೆಣ್ಣುಮಗಳು ಭಾರತಕ್ಕೆ ನಾಯಕಿಯಾಗಿ ವಿಶ್ವಕಪ್ ಆಡುತ್ತಿದ್ದಾಳೆಂಬುದು ನಮ್ಮ ಕಣ್ಣಿಗೆ ಬೀಳಲಿಲ್ಲ. ಬಿದ್ದಿದ್ದರೆ ಮಗಳಿಗೆ ಓದಿ ಹೇಳುತ್ತಿದ್ದೆವೇ? ಪ್ರಾಮಾಣಿಕವಾಗಿ ಹೇಳುವುದಾದರೆ, ಇಲ್ಲ. ಅವಳು ಭಾರತಕ್ಕೆ ಆಡುತ್ತಿದ್ದಳೆಂಬ ಭ್ರಮೆ ನಮಗಿಲ್ಲ. ಬಯಲಿನಲ್ಲಿ ಆಡುವವರೆಲ್ಲ ಭಾರತಕ್ಕೆ ಆಡುವುದಿಲ್ಲ. ಅವಳ ಅಣ್ಣಂದಿರೂ ಆಡಲಿಲ್ಲ. ಆದರೆ ಅವರು ತಾವು ಆಡಿ, ಸೋತು, ಸಾಲದೆಂದು ತಿಳಿದು ಬಿಟ್ಟರು. ಅವಳಿಗೆ ತನಗೆ ಎಷ್ಟು ಬರುತ್ತದೆಂದು ತಿಳಿಯುವ ಮುನ್ನವೇ ದೀಪ ಹಚ್ಚಿಬಿಟ್ಟೆವು.

ನಡುರಾತ್ರಿಯ ಹೊತ್ತಿಗೆ ದೀಪ್ತಿಯ ಚೆಂಡಿಗೆ ಕೊನೆಯ ವಿಕೆಟ್ಟು ಬಿತ್ತು. ಹರ್ಮನ್‌ಪ್ರೀತ್ ಹಿಮ್ಮೊಗವಾಗಿ ಓಡಿ ಕ್ಯಾಚು ಹಿಡಿದಳು. 246ಕ್ಕೆ ದಕ್ಷಿಣ ಆಫ್ರಿಕ ಮುಗಿಯಿತು. 52 ರನ್ನುಗಳ ಗೆಲುವು. 39 ರನ್ನಿಗೆ 5 ವಿಕೆಟ್ ಪಡೆದ ದೀಪ್ತಿ ಇಡೀ ಪಂದ್ಯಾವಳಿಯ ಶ್ರೇಷ್ಠ ಆಟಗಾರ್ತಿ. ಶಾಂತಾ ರಂಗಸ್ವಾಮಿಯವರ ತಂಡ ಬೆಂಗಳೂರಿನಲ್ಲಿ ತನ್ನ ಮೊದಲ ಟೆಸ್ಟ್ ಮುಗಿಸಿದ್ದೂ ನವೆಂಬರ್ 2ರಂದೇ, 49 ವರ್ಷಗಳ ಹಿಂದೆ. ಬಿ.ಸಿ. ರೋಡಿನಲ್ಲಿ ಪಟಾಕಿ ಸಿಡಿದುವು, ದೀಪಾವಳಿಯಲ್ಲಿ ಉಳಿದವಿರಬೇಕು. ಗೆದ್ದ ಹುಡುಗಿಯರು ಕಪ್ಪನ್ನು ತಾವೇ ಹಿಡಿದು ಕುಣಿಯಲಿಲ್ಲ. ಮಿಥಾಲಿ ರಾಜ್, ಜೂಲನ್ ಗೋಸ್ವಾಮಿ, ಅಂಜುಮ್ ಚೋಪ್ರಾ ಮೊದಲಾದ ಹಿಂದಿನ ಆಟಗಾರ್ತಿಯರನ್ನು ಮೈದಾನಕ್ಕೆ ಕರೆದು ಅವರ ಕೈಗೂ ಇತ್ತರು. ಕಾಲಿಗೆ ಪೆಟ್ಟಾಗಿದ್ದ ಪ್ರತಿಕಾ ಗಾಲಿಕುರ್ಚಿಯಲ್ಲಿ ಬಂದು ಸೇರಿಕೊಂಡಳು. ಜೂಲನ್ ಅತ್ತದ್ದನ್ನು ಕಂಡು ನಮ್ಮ ಮಗಳು ಎದ್ದು ಒಳಗೆ ಹೋದಳು. ತಟ್ಟೆ ತೊಳೆಯುವ ಸದ್ದು ಬಹಳ ಹೊತ್ತು ಕೇಳಿಸಿತು. ಅಲ್ಲಿ ಇದ್ದದ್ದು ಒಂದೇ ತಟ್ಟೆ.

ಮರುದಿನದಿಂದ ಮೊಮ್ಮಗಳ ಹಟ ಶುರುವಾಯಿತು. ಈ ಸೀಮೆಯ ಶಾಲೆಗಳಲ್ಲಿ ಹೆಣ್ಣುಮಕ್ಕಳಿಗೆ ತ್ರೋಬಾಲು, ಕಬಡ್ಡಿ, ವಾಲಿಬಾಲುಗಳಿವೆ. ವರ್ಷಕ್ಕೆ ಸುಮಾರು ನಾಲ್ಕು ಸಾವಿರ ಮಿಲಿಮೀಟರ್ ಮಳೆ ಸುರಿಯುವ ಗುಡ್ಡದ ನಾಡಿನಲ್ಲಿ ಕ್ರಿಕೆಟ್ಟಿಗೆ ಬೇಕಾದ ಬಯಲು ಸುಲಭವಲ್ಲ. ಹೆಣ್ಣುಮಕ್ಕಳಿಗೆ ಕಲಿಸುವ ಕಡೆಗಾಗಿ ಮಂಗಳೂರಿಗೇ ಹೋಗಬೇಕು. ಬಿ.ಸಿ. ರೋಡಿನಿಂದ ಸುಮಾರು 25 ಕಿಲೋಮೀಟರು. ಅಳಿಯ ವಿಚಾರಿಸಿ ಬಂದ. 15 ವರ್ಷದೊಳಗಿನ ಹುಡುಗಿಯರಿಗೂ ಈಗ ರಾಜ್ಯ ತಂಡಗಳಿವೆ, ರಾಷ್ಟ್ರಮಟ್ಟದ ಪಂದ್ಯಾವಳಿಯಿದೆ, ಇವಳಿಗಿನ್ನೂ ಕಾಲವಿದೆ ಎಂದ. ಖರ್ಚಿನ ಮಾತು ಒಂದು ರಾತ್ರಿಯಲ್ಲಿ ಮುಗಿಯಿತು. ಮುಗಿಯದೆ ಉಳಿದದ್ದು ಒಂದೇ. ಅಭ್ಯಾಸ ಬಿಡುವುದು ಆರಕ್ಕೆ, ಬಸ್ಸು ಹಿಡಿದು ಮನೆ ಸೇರುವಾಗ ಏಳೂವರೆ. ಕತ್ತಲಲ್ಲಿ ಹುಡುಗಿಯೊಬ್ಬಳು ಹೇಗೆ ಬರುವುದು? ಈ ಆತಂಕ ಸುಳ್ಳಲ್ಲ. ಇದನ್ನು ಹಳೆಯ ಕಾಲದವರ ಮೌಢ್ಯವೆಂದು ತಳ್ಳಿಹಾಕುವವರು ಹೆಣ್ಣುಮಕ್ಕಳನ್ನು ಬೆಳೆಸಿಲ್ಲ. ಮಗಳೂ ಅಳಿಯನೂ ಮುಖ ಮುಖ ನೋಡಿಕೊಂಡರು.

ನಾವು ನಿವೃತ್ತರು. ಊರಿನಲ್ಲಿ ನಮಗಾಗಿ ಕಾಯುವ ಕೆಲಸವೇನೂ ಇಲ್ಲ. ಮಂಗಳವಾರ, ಶುಕ್ರವಾರ ಅವಳ ಜೊತೆ ಹೋಗಿ, ಮೈದಾನದ ಅಂಚಿನಲ್ಲಿ ಕುಳಿತು, ಜೊತೆಯಲ್ಲೇ ಮರಳುವುದೆಂದು ಒಪ್ಪಿಕೊಂಡೆವು. ಹೀಗೆ ಈ ಅಂಕಣದ ಮುಂದಿನ ಕೆಲವು ಕಂತುಗಳು ಬಿ.ಸಿ. ರೋಡಿನಿಂದಲೇ ಬರುವುವು, ಪತ್ರ ಬರೆಯುವ ಓದುಗರು ಎಂದಿನಂತೆ ಪತ್ರಿಕೆಯ ವಿಳಾಸಕ್ಕೇ ಬರೆಯಬೇಕಾಗಿ ವಿನಂತಿ. ಮೊದಲ ಮಂಗಳವಾರ ನಾವಿಬ್ಬರೂ ಮನೆ ಸೇರಿದಾಗ ಏಳು ಮುಕ್ಕಾಲು. ಮಗಳು ದೀಪ ಹಚ್ಚಿಟ್ಟಿದ್ದಳು. ಹುಡುಗಿ ಕೆಮ್ಮಣ್ಣು ಮೆತ್ತಿದ ಕೈಕಾಲು ತೊಳೆದು, ಮಿಂದು, ವಿಭೂತಿ ಧರಿಸಿ ನಮ್ಮ ಪಕ್ಕದಲ್ಲಿ ಪೂಜೆಗೆ ಕುಳಿತಳು. ಎಂಟು ಹೊಡೆಯಿತು.